ಆಷಾಢದಲ್ಲಿ ಸಿಕ್ಕ ಮನೆ: ಕಾರವಾರದಲ್ಲಿ ಮೂರು ಬೆಕ್ಕು ಕಟ್ಟಿಕೊಂಡು ಬಾಡಿಗೆ ಹುಡುಕಿದ ನನ್ನ ಅನುಭವ

ಮೂರು ಬೆಕ್ಕು ಇಟ್ಟುಕೊಂಡು ಕಾರವಾರದಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ ಎಂದಿದ್ದರು. ಸಿಕ್ಕಿದೆ. ಅದೂ ಹಿಂದಿನ ಮನೆಗಿಂತ ಕಡಿಮೆ ಬಾಡಿಗೆಗೆ, ಯಾವುದನ್ನೂ ಮುಚ್ಚಿಡದೆ, ಕರಾರು ಪತ್ರದಲ್ಲಿ ಬೆಕ್ಕುಗಳ ಬಣ್ಣ ಸಮೇತ ಬರೆಸಿಕೊಂಡು. ಹನ್ನೊಂದು ತಿಂಗಳು ಮುಗಿದು ಎರಡನೇ ಕರಾರೂ ಆಯಿತು. ‘ಆಷಾಢದಲ್ಲಿ ಯಾರಾದರೂ ಮನೆ ನೋಡ್ತಾರೇನೋ’ ಎಂದು ಆಫೀಸಿನಲ್ಲಿ ನಕ್ಕವರೇ ಈಗ ತಮ್ಮ ತಂಗಿಯ ನಾಯಿಗೆ ಮನೆ ಇದೆಯಾ ಎಂದು ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಕೆಟ್ಟ ಕಾಲದ ಕತೆ. ನಾನು ಹುಡುಕಲು ಶುರು ಮಾಡಿದ್ದು ಏಪ್ರಿಲ್‌ನಲ್ಲಿ, ಹಬ್ಬುವಾಡ, ಕಾಜುಬಾಗ ಕಡೆ. ಅಲ್ಲಿ ಹೆಚ್ಚಿನವು ಕೆಳಗೆ ಮಾಲಕರು, ಮೇಲೆ ಬಾಡಿಗೆಯವರು ಇರುವ ಆರ್‌ಸಿಸಿ ಮನೆಗಳು. ಎಂಟು ಸಾವಿರ ಬಾಡಿಗೆ, ನಲವತ್ತು ಐವತ್ತು ಸಾವಿರ ಡಿಪಾಸಿಟ್. ಮೆಡಿಕಲ್ ಕಾಲೇಜಿನವರು, ನೇವಿಯವರು, ಕೈಗಾ ಕಾಂಟ್ರಾಕ್ಟಿನವರು ಎಲ್ಲರೂ ಅಲ್ಲೇ ಕೇಳುತ್ತಾರೆ. ಅಷ್ಟು ಜನ ಕಾಯುತ್ತಿರುವಾಗ ಮಾಲಕ ಬೆಕ್ಕಿನವನನ್ನು ಯಾಕೆ ಇಟ್ಟುಕೊಳ್ಳುತ್ತಾನೆ? ಏಜೆಂಟ ಒಬ್ಬ ಮನೆ ತೋರಿಸುವುದಕ್ಕೇ ಐನೂರು ಇಸಕೊಂಡು, ‘ಮೊದಲು ಸಾಮಾನು ಹಾಕಿ, ಬೆಕ್ಕು ಆಮೇಲೆ ತನ್ನಿ’ ಎಂದ. ನನ್ನ ಗೆಳೆಯನೊಬ್ಬ ಹಾಗೇ ಮಾಡಿದ್ದ. ವಾರದೊಳಗೆ ಬೆಕ್ಕು ಕಿಟಕಿಯಲ್ಲಿ ಕೂತು ಇಡೀ ಓಣಿಗೆ ದರ್ಶನ ಕೊಟ್ಟಿತು. ಮನೆ ಬಿಡುವಾಗ ಡಿಪಾಸಿಟ್‌ನಲ್ಲಿ ಹದಿನೆಂಟು ಸಾವಿರ ಬಣ್ಣಕ್ಕೆ ಅಂತ ಮುರಿದುಕೊಂಡರು. ಆ ದಾರಿ ಬೇಡ.

ಬೇಡ ಅನ್ನುವವರ ಕಾರಣಗಳನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು, ಯಾಕೆಂದರೆ ಕೆಲವಕ್ಕೆ ಉತ್ತರ ಇದೆ, ಕೆಲವಕ್ಕೆ ಇಲ್ಲ. ಕೂದಲಿನಿಂದ ದಮ್ಮು ಬರುತ್ತದೆ ಎನ್ನುವವರ ಮುಂದೆ ವಾದ ಬೇಡ, ನಮಸ್ಕಾರ ಹೇಳಿ ಹೊರಡಿ. ಸೊಸೆ ಬಸುರಿ, ಬೆಕ್ಕಿನಿಂದ ರೋಗ ಬರುತ್ತದಂತೆ ಎನ್ನುವವರಿಗೆ ಉತ್ತರ ಇದೆ: ಆ ರೋಗಾಣು ಇರುವುದು ಹೇಲಿನಲ್ಲಿ, ಅದು ಅಂಟುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು, ಬೆಕ್ಕು ಹೇಲುವ ಟ್ರೇ ದಿನಾ ಎತ್ತಿದರೆ ಭಯ ಬಹಳ ಕಡಿಮೆ. ಗಂಡು ಬೆಕ್ಕು ತುಳಸಿಕಟ್ಟೆಗೆ ಉಚ್ಚೆ ಹಾರಿಸುತ್ತದೆ ಎನ್ನುವವರ ಮಾತು ನಿಜ. ಅದಕ್ಕೆ ಮರಿಯಾಗದ ಹಾಗೆ ಮಾಡಿಸುವ ಆಪರೇಷನ್ ಒಂದೇ ಮದ್ದು. ಉತ್ತರವೇ ಇಲ್ಲದ್ದು ಒಣಮೀನು. ಏಪ್ರಿಲ್-ಮೇ ಅಂದರೆ ಟೆರೇಸ್ ತುಂಬ ಬಂಗಡೆ, ತಾರ್ಲೆ (ಬೂತಾಯಿ), ಸಿಗಡಿ. ಮಳೆಗಾಲದ ಇಡೀ ಸಾರು ಅಲ್ಲೇ ಒಣಗುತ್ತಿರುತ್ತದೆ. ಕೋಡಿಬಾಗದ ಒಬ್ಬ ವೈನಿ ಚಾ ಕೊಟ್ಟು, ನನ್ನ ಮೊಬೈಲಿನಲ್ಲಿ ಬೆಕ್ಕಿನ ಫೋಟೋ ಎಲ್ಲ ನೋಡಿ ಕೊನೆಗೆ, ‘ನಿಮ್ಮ ಬೆಕ್ಕು ಪಾಪದ್ದೇ ಇರಬಹುದು ಭಾವು, ನನ್ನ ಸುಂಗಟ (ಸಿಗಡಿ) ಕಂಡ ಮೇಲೂ ಪಾಪದ್ದೇ ಇರ್ತದಾ?’ ಎಂದರು. ನಾನು ಸುಳ್ಳು ಹೇಳಲಿಲ್ಲ.

ಶಿರಸಿಯಲ್ಲಿದ್ದಾಗ ಇದರ ಉಲ್ಟಾ. ಅಲ್ಲಿ ಅಡಿಕೆ ಮನೆಗಳಲ್ಲಿ ಇಲಿಗೆ ಅಂತ ಬೆಕ್ಕು ಇದ್ದೇ ಇರುತ್ತದೆ. ಮಾಲಕರು ‘ಬೆಕ್ಕು ಅಡ್ಡಿಲ್ಲ ಮಾರಾಯ್ರೆ, ಮೀನು ಮಾತ್ರ ಒಳಗೆ ಬರೂದು ಬೇಡ’ ಎಂದಿದ್ದರು. ಮಜ್ಜಿಗೆ ಅನ್ನದಲ್ಲಿ ಬೆಕ್ಕು ಬದುಕುವುದಿಲ್ಲ, ಅದಕ್ಕೆ ಮಾಂಸದ ಅಂಶ ಬೇಕೇ ಬೇಕು. ಅಲ್ಲಿದ್ದಷ್ಟು ದಿನ ಪ್ಯಾಕೆಟ್ಟಿನ ಒಣ ಆಹಾರದಲ್ಲೇ ನಡೆಸಿದೆ, ಯಾರ ಮೂಗಿಗೂ ಗೊತ್ತಾಗಲಿಲ್ಲ.

ಕೆಲವರು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಿಂಟ್ ತೆಗೆದುಕೊಂಡು ಹೋಗುತ್ತಾರೆ. ಅದು ಅಪಾರ್ಟ್‌ಮೆಂಟ್ ಸಂಘಗಳಿಗೆ, ಅದೂ ಮುಖ್ಯವಾಗಿ ನಾಯಿಗಳ ವಿಷಯ. ಸ್ವಂತ ಮನೆಯ ಮಾಳಿಗೆ ಕೊಡುವವರ ಮುಂದೆ ಹಿಡಿದರೆ ಗೇಟು ಇನ್ನೂ ಬೇಗ ಹಾಕುತ್ತಾರೆ.

ಈಗ ನನ್ನ ಲೆಕ್ಕಾಚಾರ. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಖಾಲಿ ಮನೆ ಶ್ರಾವಣದವರೆಗೆ ಖಾಲಿಯೇ. ಇತ್ತ ನಮ್ಮ ಕಡೆ ಮುಂಬೈ, ಗೋವಾ ಸೇರಿದವರ ಹಂಚಿನ ಮನೆಗಳು ವರ್ಷವಿಡೀ ಬೀಗ ಹಾಕಿಕೊಂಡು ಕೂತಿರುತ್ತವೆ, ಕೀಲಿ ಪಕ್ಕದ ಮನೆ ನೆಂಟರ ಹತ್ತಿರ. ಚೌತಿಗೆ ಬಂದು ಗಣಪತಿ ಕೂರಿಸಿ ಹೋಗುತ್ತಾರೆ. ಮುಚ್ಚಿದ ಮನೆಗೆ ಒಂದು ಮಳೆಗಾಲ ಸಾಕು, ಬಾಗಿಲ ಚೌಕಟ್ಟಿಗೆ ಒರಲೆ, ಗೋಡೆಗೆ ಬೂಷ್ಟು, ಅಟ್ಟದಲ್ಲಿ ಇಲಿ. ತೆಂಗಿನ ಮರದಿಂದ ಇಲಿ ಸೀದಾ ಹಂಚಿಗೆ ಇಳಿಯುತ್ತದೆ. ಮೇಲಿಂದ ಇಲಿಜ್ವರದ ಹೆದರಿಕೆ ಬೇರೆ. ಅಂದರೆ ಜೂನ್ ಕೊನೆಗೆ, ಮಳೆ ಜೋರಾದಾಗ, ಚೌತಿ ಇನ್ನೂ ದೂರವಿರುವಾಗ, ಕೀಲಿ ಇಟ್ಟುಕೊಂಡವರಿಗೆ ‘ಯಾರಾದರೂ ಇದ್ದರೆ ಸಾಕು’ ಅನ್ನಿಸಿರುತ್ತದೆ. ಆಗ ಹೋಗಬೇಕು. ಅಷ್ಟೊತ್ತಿಗೆ ಒಣಮೀನೂ ಡಬ್ಬಿ ಸೇರಿರುತ್ತದೆ.

ಇಂಥ ಮನೆ ಏಜೆಂಟರ ಕೈಲಿ ಇರುವುದಿಲ್ಲ. ಕರೆಂಟ್ ರೀಡಿಂಗ್‌ಗೆ ಬರುವವರಿಗೆ ಯಾವ ಮೀಟರು ತಿರುಗುತ್ತಿಲ್ಲ ಎಂದು ಗೊತ್ತು. ತೆಂಗಿನಕಾಯಿ ಕೊಯ್ಯುವವರಿಗೆ ಮಾಲಕರ ಫೋನ್ ನಂಬರೂ ಗೊತ್ತು. ನನಗೆ ಹೇಳಿದ್ದು ಇವರಿಬ್ಬರೂ ಅಲ್ಲ, ಮೂರನೆಯವರು. ಅದನ್ನು ಇಲ್ಲಿ ಬರೆದರೆ ಮುಂದಿನ ಆಷಾಢಕ್ಕೆ ನನಗೇ ಪೈಪೋಟಿ.

ಸದಾಶಿವಗಡದ ಕಡೆಯೂ ಎರಡು ಚೆನ್ನಾದ ಮನೆ ಇದ್ದವು. 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದ ಮೇಲೆ ದಿನಾ ಆಚೆ ಈಚೆ ಓಡಾಡುವ ಮನಸ್ಸಾಗಲಿಲ್ಲ. ಸುಂಕೇರಿ ಕಡೆ ಒಂದು ಚಿರೆಕಲ್ಲಿನ ಮನೆ ಗೊತ್ತಾಯಿತು. ಕೀಲಿ ಇದ್ದದ್ದು ಮಾಲಕರ ಅತ್ತಿಗೆಯ ಹತ್ತಿರ. ಬೆಕ್ಕಿನ ಮಾತು ಮೊದಲ ನಿಮಿಷಕ್ಕೇ ಹೇಳಿದೆ. ಅವರ ಮುಖ ಗಂಟಾಯಿತು. ಆಗ ನಾನು ಮನೆ ಕೊಡಿ ಅನ್ನಲಿಲ್ಲ, ‘ಅಕ್ಕಾ, ನಾನು ಈಗಿರುವ ಮನೆಗೆ ಒಮ್ಮೆ ಬಂದು ನೋಡಿ’ ಎಂದೆ.

ನನ್ನ ಪದ್ಧತಿಯ ತಿರುಳೇ ಇದು. ಬೆಕ್ಕಿನ ಫೋಟೋ, ಲಸಿಕೆ ಪುಸ್ತಕ, ಹಳೇ ಮಾಲಕರ ಶಿಫಾರಸು, ಎಲ್ಲ ಮಾತಿನ ಮಟ್ಟದ್ದು. ಮಾಲಕರಿಗೆ ಹೆದರಿಕೆ ಇರುವುದು ವಾಸನೆಯದು. ಅದಕ್ಕೆ ಅವರ ಮೂಗೇ ಸಾಕ್ಷಿ ಹೇಳಬೇಕು. ಧಾರಾಕಾರ ಮಳೆ, ಕಿಟಕಿ ಎಲ್ಲ ಮುಚ್ಚಿದ ದಿನವೇ ಕರೆದೆ. ಬಿಸಿಲಿನ ದಿನ ಯಾರ ಮನೆಯೂ ನಾರುವುದಿಲ್ಲ. ಅವರು ಮಗನ ಜೊತೆ ಬಂದರು, ಚಾ ಕುಡಿದರು, ಬಚ್ಚಲ ಕಡೆ ಇಣುಕಿದರು. ಹೊರಡುವಾಗ ‘ಟ್ರೇ ಎಲ್ಲಿಡ್ತೀರಿ?’ ಎಂದು ಕೇಳಿದರು. ಅವರು ಅಷ್ಟೊತ್ತು ಕೂತಿದ್ದ ಕುರ್ಚಿಯ ಹಿಂದೆಯೇ ಇತ್ತು!

ಟ್ರೇಗೆ ಏನು ಹಾಕುತ್ತೇನೆ ಎಂದು ಎಲ್ಲರೂ ಕೇಳುತ್ತಾರೆ. ಅಂಗಡಿಯಲ್ಲಿ ಸಿಗುವ ಬೆಂಟೊನೈಟ್ ಜೇಡಿಮಣ್ಣಿನ ಹರಳು ಮೂರು ಬೆಕ್ಕಿಗೆ ತಿಂಗಳಿಗೆ ಸಾವಿರದ ಮೇಲೆ ಹೋಗುತ್ತಿತ್ತು. ಕಡಲ ಮರಳಿನಲ್ಲಿ ಉಪ್ಪಿದೆ, ಮಳೆಗಾಲದಲ್ಲಿ ತೇವ ಎಳೆದುಕೊಂಡು ಒಣಗುವುದೇ ಇಲ್ಲ. ಭತ್ತದ ಉಮಿ ಹಗುರ, ಹಾಸಿಗೆವರೆಗೂ ಹರಡುತ್ತದೆ. ತೆಂಗಿನ ನಾರಿನ ಪುಡಿ ಉಚ್ಚೆ ಚೆನ್ನಾಗಿ ಹೀರಿತು, ಆದರೆ ಜುಲೈನಲ್ಲಿ ಬೂಷ್ಟು ಹಿಡಿಯಿತು. ಕೊನೆಗೆ ನಿಂತದ್ದು ಸಾಮಿಲ್ಲಿನ ಮರದ ಹೊಟ್ಟು, ಚೀಲಕ್ಕೆ ನಲವತ್ತೋ ಐವತ್ತೋ. ಅದರ ಜೊತೆ ಇನ್ನೊಂದು ವಸ್ತು ಬೆರೆಸುತ್ತೇನೆ, ಎಲ್ಲರ ಅಡಿಗೆಮನೆಯಲ್ಲೂ ಇದೆ, ನೀವೇ ಹುಡುಕಿ. ಉಚ್ಚೆಯ ಕಲೆಗೆ ವಿನೆಗರ್ ನೀರು. ಫಿನಾಯಿಲ್ ಮುಟ್ಟಬೇಡಿ. ಅದರಲ್ಲಿರುವ ಫಿನಾಲ್ ಬೆಕ್ಕಿನ ಲಿವರಿಗೆ ವಿಷ. ಹೊಸ ಮನೆಯವರು ಪ್ರೀತಿಯಿಂದ ನೆಲವೆಲ್ಲ ಫಿನಾಯಿಲಿನಲ್ಲಿ ಒರೆಸಿ ಕೀಲಿ ಕೊಟ್ಟರು, ನಾನು ಮೂರು ಸಲ ಬರೀ ನೀರಿನಲ್ಲಿ ತೊಳೆದೆ.

ಕಿಟಕಿ ಜಾಳಿಗೆಯ ವಿಷಯಕ್ಕೂ ದುಡ್ಡು ಕಳೆದಿದ್ದೇನೆ. ತಂತಿಯ ಮೆಶ್ ಕಡಲ ಗಾಳಿಗೆ ವರ್ಷದಲ್ಲಿ ತುಕ್ಕು, ಎರಡೂವರೆ ಸಾವಿರ ನೀರಿಗೆ ಹೋಯಿತು. ಬೈತಕೋಲ್ ಬಂದರಿನಲ್ಲಿ ಹಳೇ ಬಲೆ ಕೇಳಿದರೆ ಚಾ ಖರ್ಚಿಗೆ ಕೊಡುತ್ತಾರೆ. ತೆಳು ನೂಲಿನದನ್ನು ಕಪ್ಪು ಬೆಕ್ಕು ಎರಡೇ ದಿನದಲ್ಲಿ ಕಡಿದು ಹಾಕಿತು. ಟ್ರಾಲರಿನ ದಪ್ಪ ಬಲೆ ಇವತ್ತಿಗೂ ಗಟ್ಟಿ. ತೊಳೆಯದೆ ಕಟ್ಟಿದರೆ ಮಾತ್ರ ಮೂರೂ ಬೆಕ್ಕು ಇಡೀ ದಿನ ಅದನ್ನೇ ನೆಕ್ಕುತ್ತ ಕೂರುತ್ತವೆ.

ದುಡ್ಡಿನ ಮಾತು. ಬಾಡಿಗೆ ನಾಲ್ಕೂವರೆ ಸಾವಿರಕ್ಕೆ ಒಪ್ಪಿದರು, ಡಿಪಾಸಿಟ್ ಇಪ್ಪತ್ತೈದು. ಅದರ ಮೇಲೆ ನಾನೇ ಮುಂದಾಗಿ ‘ಬೆಕ್ಕಿನ ಡಿಪಾಸಿಟ್’ ಅಂತ ಹತ್ತು ಸಾವಿರ ಬೇರೆ ಕೊಟ್ಟೆ, ಬೇರೆ ರಸೀದಿ. ಯಾವುದಕ್ಕೆ ಮುರಿಯಬಹುದು ಎಂದು ಬರೆಸಿದೆ: ಬಾಗಿಲ ಗೀರು, ಒಡೆದ ಹಂಚು, ಕಲೆ. ಎಲ್ಲ ಒಂದೇ ಡಿಪಾಸಿಟ್ ಇದ್ದರೆ ಬೆಕ್ಕಿನ ಹೆಸರಲ್ಲಿ ಪೂರ್ತಿ ನುಂಗುತ್ತಾರೆ. ಹಂಚಿನ ಮೇಲೆ ಬೆಕ್ಕು ಓಡಾಡಿ ಹಂಚು ಸರಿದರೆ ಸೋರುತ್ತದೆ ಎಂಬ ತಕರಾರು ಇತ್ತು, ಮಳೆಗೆ ಮುಂಚೆ ಹಂಚು ಕೈಯಾಡಿಸುವ ಖರ್ಚು ನನ್ನದು ಎಂದೆ. ಮೊನ್ನೆ ಮೇ ತಿಂಗಳಲ್ಲಿ ಮೂರು ಸಾವಿರದ ಹತ್ತಿರ ಆಯಿತು. ಬಾಡಿಗೆಯಲ್ಲಿ ಉಳಿದದ್ದಕ್ಕೆ ಹೋಲಿಸಿದರೆ ಏನೂ ಅಲ್ಲ. ಆಪರೇಷನ್ ಮಡಗಾಂವದಲ್ಲಿ ಮಾಡಿಸಿದ್ದು, ಹೆಣ್ಣಿಗೆ ನಾಲ್ಕು ಸಾವಿರ, ಗಂಡಿಗೆ ಅದರ ಅರ್ಧ, ಓಮ್ನಿ ಬಾಡಿಗೆ ಬೇರೆ. ಹೆಣ್ಣನ್ನು ಹಾಗೇ ಬಿಟ್ಟರೆ ಬೆದೆಗೆ ಬಂದಾಗಲೆಲ್ಲ, ಅಂದರೆ ಎರಡು ಮೂರು ವಾರಕ್ಕೊಮ್ಮೆ, ರಾತ್ರಿಯಿಡೀ ಕೂಗುತ್ತದೆ. ಅದಕ್ಕೆ ಯಾವ ಮಾಲಕನ ತಾಳ್ಮೆಯೂ ಸಾಲದು.

ಜೂನ್-ಜುಲೈ ಮೀನುಗಾರಿಕೆ ಬಂದ್ ಇರುವಾಗ ತಾರ್ಲೆ ಸಿಗುವುದಿಲ್ಲ, ಸಿಕ್ಕರೆ ರೇಟು ಮುಟ್ಟುವ ಹಾಗಿಲ್ಲ. ಮನೆ ಬದಲಿಸುವ ತಿಂಗಳೇ ಬೆಕ್ಕಿನ ಊಟದ ಖರ್ಚೂ ಏರುತ್ತದೆ, ಅದಕ್ಕೆ ಎರಡು ಸಾವಿರ ಎತ್ತಿಟ್ಟಿರಿ.

ಇಲಿ ಹಿಡಿಯುತ್ತವಾ ಎಂದು ಅಕ್ಕ ಕೇಳಿದ್ದರು. ಸಣ್ಣ ಇಲಿ ಬೆಕ್ಕಿನ ವಾಸನೆಗೇ ಜಾಗ ಬಿಡುತ್ತದೆ ಎಂದೆ, ಹೆಗ್ಗಣಕ್ಕೆ ಮಾತ್ರ ಗ್ಯಾರಂಟಿ ಕೊಡಲಿಲ್ಲ. ಹಾಗೇ ಆಯಿತು. ಅಟ್ಟ ಖಾಲಿಯಾಯಿತು, ಬಾವಿಕಟ್ಟೆಯ ಹತ್ತಿರದ ಹೆಗ್ಗಣ ನನ್ನ ಮೂರನ್ನೂ ಲೆಕ್ಕಕ್ಕೇ ಇಟ್ಟಿಲ್ಲ. ಚೌತಿಗೆ ಮುಂಬೈಯಿಂದ ಬಂದ ಮಾಲಕರು ಅಟ್ಟ ಹತ್ತಿ ನೋಡಿ, ಎರಡನೇ ಕರಾರಿಗೆ ಮುನ್ನೂರು ರೂಪಾಯಿ ಏರಿಸಿದರು. ಬೆಕ್ಕಿನ ಡಿಪಾಸಿಟ್ ಅಷ್ಟೇ ಇರಲಿ ಎಂದರು.