ಬಾಣೆ, ಕಡಂಗ, ಹಡ್ಲು: ಕೊಡಗಿನ ಕಾಡಿನಲ್ಲಿ ಹಳೆಯ ಬೇಸಾಯದ ಗುರುತು ಹಿಡಿಯುವುದು

ಜನವರಿಯಿಂದ ಮಾರ್ಚ್‌ವರೆಗೆ ಹೋಗಿ. ಹುಲ್ಲು ಒಣಗಿರುತ್ತದೆ, ಉಂಬಳದ ಕಾಟವೂ ಕಡಿಮೆ. ಬೆಳಗಿನ ಓರೆ ಬಿಸಿಲಿಗೆ ಅರ್ಧ ಅಡಿಯ ಬದುವೂ ನೆರಳು ಚೆಲ್ಲುತ್ತದೆ. ಮಧ್ಯಾಹ್ನ ಅದನ್ನೇ ತುಳಿದು ದಾಟಿದರೂ ಗೊತ್ತಾಗದು. ಬ್ರಹ್ಮಗಿರಿ, ಪುಷ್ಪಗಿರಿ, ನಾಗರಹೊಳೆಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಮೊದಲು ಗ್ರಾಮ ನಕಾಶೆ, ಪಹಣಿ ತೆಗೆದು ನೋಡಿ. ಬಾಣೆ ಎಂದಿದ್ದರೆ ಅದು ಗದ್ದೆಗೆ ಹೊಂದಿಕೊಂಡಂತೆ ಸೊಪ್ಪು, ಸೌದೆ, ಮೇವಿಗೆ ಬಿಟ್ಟ ಜಾಗ. ಹಾಗಾದರೆ ಗದ್ದೆಯೂ ಅಲ್ಲೇ ಕೆಳಗೆಲ್ಲೋ ಇದ್ದಿರಬೇಕು, ಹುಡುಕಿ.

ಕಾಡಿನೊಳಗೆ ಮರಕ್ಕಿಂತ ಮೊದಲು ನೆಲದ ಗೆರೆ ನೋಡಬೇಕು. ಬೀಜವನ್ನು ಹಕ್ಕಿ ಎಲ್ಲಿಗೂ ಒಯ್ಯುತ್ತದೆ, ಬದುವನ್ನು ಒಯ್ಯುವುದಿಲ್ಲ. ಕಣಿವೆಯ ತಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಮತಟ್ಟಾದ ಹುಲ್ಲುಜಾಗ, ಅಂಚಿನಲ್ಲಿ ಇಳಿಜಾರಿಗೆ ಅಡ್ಡವಾಗಿ ಹರಿಯುವ ಸಣ್ಣ ತೋಡು ಕಂಡರೆ ಅದು ಪಾಳುಬಿದ್ದ ಗದ್ದೆ ಇರಬಹುದು. ಆದರೆ ಕೊಡಗಿನಲ್ಲಿ ತಾನಾಗಿ ಆದ ಹಡ್ಲುಗಳೂ, ಅಂದರೆ ಕಣಿವೆಯ ಜವುಗು ಹುಲ್ಲುಜಾಗಗಳೂ, ಇವೆ. ಎರಡರಲ್ಲೂ ಬೂದು ಜೇಡಿ, ಬೇರಿನ ಜಾಡಿನಲ್ಲಿ ತುಕ್ಕು ಬಣ್ಣ ಸಿಗುವುದರಿಂದ ಬಣ್ಣ ನೋಡಿ ತೀರ್ಮಾನಿಸಬೇಡಿ. ವ್ಯತ್ಯಾಸ ತಿಳಿಯುವುದು ಉಳುಮೆಯಿಂದ: ವರ್ಷಗಟ್ಟಲೆ ನೀರು ನಿಲ್ಲಿಸಿ ಕೆಸರು ಉತ್ತ ನೆಲದಲ್ಲಿ ಸುಮಾರು 15–20 ಸೆಂ.ಮೀ. ಕೆಳಗೆ ಗಟ್ಟಿ ಪದರ ಕೂತಿರುತ್ತದೆ, ಚೂರಿಯ ತುದಿ ಅಲ್ಲಿಗೆ ಬಂದಾಗ ತಡೆಯುತ್ತದೆ. ರಕ್ಷಿತಾರಣ್ಯದಲ್ಲಿ ಅಗೆಯುವಂತಿಲ್ಲ, ತೊರೆ ಕೊರೆದ ದಂಡೆಯನ್ನೇ ಕಣ್ಣಿನಲ್ಲಿ ಓದಿಕೊಳ್ಳಿ.

ಹೆಚ್ಚು ಜನ ಎಡವುವುದು ಕಡಂಗದಲ್ಲಿ. ಇದು ರಕ್ಷಣೆಗೂ ಗಡಿಗೂ ತೋಡಿದ ಹಳೆಯ ಕಂದಕ. ಬೆಟ್ಟ ಏರಿ, ಏಣಿನ ಮೇಲೆ ಮೈಲಿಗಟ್ಟಲೆ ಸಾಗುತ್ತದೆ. ಅಂಚು ಮಳೆಗೆ ಸವೆದು ದುಂಡಗಾಗಿ, ದಿಬ್ಬದ ಮೇಲೆ ದೊಡ್ಡ ಮರ ನಿಂತಿರುತ್ತದೆ. ಆನೆ ಹೊರಬರದಂತೆ ಈಚೆಗೆ ತೋಡಿದ ಆನೆ ಕಂದಕವಾದರೆ ಕಾಡಂಚನ್ನೇ ಹಿಡಿದು ಒಂದೇ ಅಗಲದಲ್ಲಿ ಹೋಗುತ್ತದೆ, ಗೋಡೆಯಲ್ಲಿ ಯಂತ್ರದ ಹಲ್ಲಿನ ಗೀರು ಇನ್ನೂ ಇರಬಹುದು. ಒಂದೂವರೆ ಅಡಿ ಅಗಲದ, ಆಳವಿಲ್ಲದ ತುಂಡು ತುಂಡು ಗುಂಡಿಗಳಾದರೆ ಅವು ತೋಟದಲ್ಲಿ ಮಳೆನೀರು ಇಂಗಿಸಲು ತೆಗೆದ ತೊಟ್ಟಿಲು ಗುಂಡಿ.

ಒಂಟಿ ಕಾಫಿ ಗಿಡ ಏನನ್ನೂ ಹೇಳುವುದಿಲ್ಲ, ಪುನುಗು ಬೆಕ್ಕು ಬಿತ್ತಿರುತ್ತದೆ. ಸಾಲು ಬೇಕು: ಅರೇಬಿಕಾಗೆ ಆರೇಳು ಅಡಿ, ರೊಬಸ್ಟಾಗೆ ಹತ್ತು ಅಡಿ ಅಂತರ. ಜೊತೆಗೆ ಸಿಲ್ವರ್ ಓಕ್ ಇದ್ದರೆ ಅನುಮಾನವೇ ಬೇಡ. ಆಸ್ಟ್ರೇಲಿಯಾದ ಮರ ತಾನಾಗಿ ಮಲೆಗೆ ಬರಲಿಲ್ಲ. ಏಲಕ್ಕಿ ಮಲೆ, ಅಂದರೆ ಕಾಡಿನೊಳಗೇ ಏಲಕ್ಕಿ ಬೆಳೆದ ಜಾಗ, ಗುರುತಿಸುವುದು ಮಾತ್ರ ಕಷ್ಟ. ದೊಡ್ಡ ಮರ ಕೆಡವಿ ಬೆಳಕು ಬಿಟ್ಟಿದ್ದಷ್ಟೇ, ಆ ಸಂದನ್ನು ಕಾಡು ಬೇಗ ಮುಚ್ಚಿಬಿಡುತ್ತದೆ.

ಬಾಣೆಯ ಮರಗಳಲ್ಲಿ ಒಂದೇ ಎತ್ತರದಲ್ಲಿ ಗಂಟುಗಳಿದ್ದರೆ ಸೊಪ್ಪು ಸವರಿದ್ದು. ಒಂದೇ ಬುಡದಿಂದ ಮೂರು ನಾಲ್ಕು ಕಾಂಡ ಎದ್ದಿದ್ದರೆ ಬಹುಶಃ ಸೌದೆಗೆ ಕಡಿದದ್ದು. ಈಚಲು, ನೆಲ್ಲಿ, ಕವಲು ಮಾತ್ರ ಉಳಿದ ಹುಲ್ಲುಗುಡ್ಡ ಪದೇ ಪದೇ ಬೆಂಕಿ ಕಂಡಿರುತ್ತದೆ.

ಕಾಲ ಅಂದಾಜಿಸಲು ತೇಗದ ಬೊಡ್ಡೆ ಹುಡುಕಿ, ಅದರ ವರ್ಷದ ಉಂಗುರ ಸ್ಪಷ್ಟ. ನಿತ್ಯಹರಿದ್ವರ್ಣದ ಹೆಚ್ಚಿನ ಮರಗಳಲ್ಲಿ ಆ ಲೆಕ್ಕ ನಡೆಯದು. ಬದುವಿನ ಮೇಲಿನ ಮರದ ವಯಸ್ಸು ಬದುವಿನ ಕನಿಷ್ಠ ವಯಸ್ಸು ಅಷ್ಟೇ. ಬದು ಅದಕ್ಕಿಂತ ಎಷ್ಟು ಹಳೆಯದೂ ಆಗಿರಬಹುದು.