ಏರಿ ಹತ್ತಿದ ಮೇಲೆ ಸಿಕ್ಕ ಮಿಸಿಸಿಪ್ಪಿ

"ಮಂಡ್ಯದವನು ಕಬ್ಬಿನ ಗದ್ದೆ ನೋಡೋಕೆ ಲೂಯಿಸಿಯಾನಕ್ಕೆ ಹೋಗ್ತೀಯಾ?" ಅಂತ ಹ್ಯೂಸ್ಟನ್‌ನ ಕನ್ನಡ ಗೆಳೆಯರು ಆಡಿಕೊಂಡಿದ್ದರು. ಮಿಸಿಸಿಪ್ಪಿ ದಡದ ಹಳೇ ಕಬ್ಬಿನ ತೋಟಗಳನ್ನು ನೋಡಲು ಹೋಗಿ ಎರಡು ಸಲ ಸೋತು ಬಂದದ್ದೂ ನಿಜ.

ಮೊದಲ ಸಲ ನ್ಯೂ ಓರ್ಲಿಯನ್ಸ್‌ನಿಂದ ಪ್ಯಾಕೇಜ್ ಬಸ್. ಇಬ್ಬರಿಗೆ ಹತ್ತಿರ ಹತ್ತಿರ 200 ಡಾಲರ್, ನೋಡಿದ್ದು ತೋಟದ ಮಾಲೀಕರ ಒಂದೇ ಬಂಗಲೆ. ಗೈಡ್ ಅರ್ಧ ಗಂಟೆ ಪಿಂಗಾಣಿ ತಟ್ಟೆಗಳ ಬಗ್ಗೆಯೇ ಹೇಳಿದ. ಎರಡನೇ ಸಲ ಸ್ವಂತ ಕಾರು, ಆದರೆ ಜುಲೈ. ಆ ಸೆಕೆಗೆ ಹೆಂಡತಿ ಕಾರಿನಿಂದ ಇಳಿಯಲೇ ಇಲ್ಲ. ರಿವರ್ ರೋಡ್ ಉದ್ದಕ್ಕೂ ಓಡಿಸಿದರೂ ನದಿ ಮಾತ್ರ ಕಾಣಲಿಲ್ಲ! ಪಕ್ಕದಲ್ಲೇ ಪ್ರವಾಹ ತಡೆಯಲು ಕಟ್ಟಿದ, ಕೆರೆ ಏರಿಯಂಥ ಮಣ್ಣಿನ ಲೆವಿ, ಅದರಾಚೆ ಮಿಸಿಸಿಪ್ಪಿ. ಗಾಡಿ ನಿಲ್ಲಿಸಿ ಏರಿ ಹತ್ತಬೇಕು. ಎಲ್ಲಿ ಹತ್ತಿದರೆ ಚೆನ್ನ ಅನ್ನೋದು ನನ್ನಲ್ಲೇ ಇರಲಿ.

ಮೂರನೇ ಸಲ ನವೆಂಬರ್ ಕೊನೆ, ಕಬ್ಬು ಕಡಿಯುವ ಕಾಲ. ಈ ಸಲ ಕೆಳಗಿನಿಂದ ಮೇಲಕ್ಕೆ, ಹೊಳೆಗೆ ಎದುರಾಗಿ ಹೊರಟೆವು. ದೊಡ್ಡ ಬಂಗಲೆಗಳಿಗಿಂತ ಮೊದಲು ವಿಟ್ನಿ. 2014ರಲ್ಲಿ ತೆರೆದ ಆ ಮ್ಯೂಸಿಯಂ ಹೇಳುವುದು ಗುಲಾಮರ ಕಥೆ. ಕಲ್ಲಿನ ಗೋಡೆ ತುಂಬ ಅವರ ಹೆಸರುಗಳು. ಹೊರಗೆ ಕಬ್ಬಿನ ಹಾಲು ಕಾಯಿಸುತ್ತಿದ್ದ ಕೊಪ್ಪರಿಗೆಗಳು. ನಮ್ಮೂರ ಆಲೆಮನೆಯದ್ದೇ ಅನ್ನಿಸಿತು, ರಾತ್ರಿಯಿಡೀ ಅದರ ಮುಂದೆ ನಿಂತವರ ಪಾಡು ಕೇಳುವವರೆಗೆ. ಅದಾದ ಮೇಲೆ ಓಕ್ ಆಲಿ ಎಂಬ ಬಂಗಲೆಯ ಮುಂದಿನ 28 ಓಕ್ ಮರಗಳ ಸಾಲಿನಲ್ಲಿ ಫೋಟೋಗೆ ನಗಲು ಕಷ್ಟವಾಯಿತು.

ಡೊನಾಲ್ಡ್ಸನ್‌ವಿಲ್‌ನಲ್ಲಿ ಊಟ. ನ್ಯೂ ರೋಡ್ಸ್ ಹತ್ತಿರ ಸೇತುವೆ ದಾಟಿ ಸೇಂಟ್ ಫ್ರಾನ್ಸಿಸ್‌ವಿಲ್. 2011ಕ್ಕೆ ಮೊದಲು ಅಲ್ಲಿ ಫೆರ್ರಿಯೇ ಗತಿಯಾಗಿತ್ತು.

ಅಲ್ಲಿಂದ ಮೇಲೆ, ಮಿಸಿಸಿಪ್ಪಿ ರಾಜ್ಯದ ನ್ಯಾಚೆಜ್‌ಗೆ ಎರಡು ದಿನ ಇಡಿ. 1716ರಲ್ಲಿ ಫ್ರೆಂಚರು ಕೋಟೆ ಕಟ್ಟಿದ ಊರು, ದಿಬ್ಬದ ಮೇಲಿದೆ. ಇಲ್ಲಿ ಏರಿ ಹತ್ತುವ ಕೆಲಸವಿಲ್ಲ. ಲಾಂಗ್‌ವುಡ್ ಎಂಟು ಮೂಲೆಯ ಮನೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಕೆಲಸ ನಿಂತಿತು, ಮೇಲಿನ ಮಹಡಿಗಳು ಇವತ್ತಿಗೂ ಬರೀ ಇಟ್ಟಿಗೆ, ಮರ. ನನ್ನನ್ನು ಹಿಡಿದಿಟ್ಟಿದ್ದು ವಿಲಿಯಂ ಜಾನ್ಸನ್ ಮನೆ. ಗುಲಾಮನಾಗಿ ಹುಟ್ಟಿ ಬಿಡುಗಡೆಯಾದ ಕ್ಷೌರಿಕ, ವರ್ಷಗಟ್ಟಲೆ ದಿನಚರಿ ಬರೆದವನು. ಆಮೇಲೆ ಅವನೇ ಗುಲಾಮರನ್ನು ಇಟ್ಟುಕೊಂಡಿದ್ದ! ಗುಲಾಮರ ಸಂತೆ ನಡೆಯುತ್ತಿದ್ದ ಫೋರ್ಕ್ಸ್ ಆಫ್ ದ ರೋಡ್‌ಗೆ ಟಿಕೆಟ್ ಇಲ್ಲ.

ಮೂರು ರಾತ್ರಿ ರೂಮಿಗೆ ಸುಮಾರು 350 ಡಾಲರ್, ಪೆಟ್ರೋಲಿಗೆ ಎಂಬತ್ತೋ ತೊಂಬತ್ತೋ. ನ್ಯಾಚೆಜ್‌ನಲ್ಲಿ ವಸಂತದಲ್ಲಿ ಹಳೇ ಮನೆಗಳನ್ನು ತೆರೆದು ತೋರಿಸುವ 'ಪಿಲ್ಗ್ರಿಮೇಜ್' ಇರುತ್ತದೆ, ಆಗ ಹೋದರೆ ಜೇಬಿಗೆ ಕತ್ತರಿ.

ಬರುವಾಗ ಒಂದು ಡಬ್ಬ ಕಬ್ಬಿನ ಸಿರಪ್ ತಂದೆ. ನಮ್ಮ ಜೋನಿಬೆಲ್ಲದ ತಮ್ಮ ಅನ್ನಿ. ದೋಸೆಗೆ ಭರ್ಜರಿ. ಕಾಯಿ ಹೋಳಿಗೆಗೆ ಹಾಕಿ ನೋಡಿದೆ, ಹೂರಣ ನೀರಾಯಿತು. ಆಡಿಕೊಂಡಿದ್ದ ಗೆಳೆಯರಿಗೆ ಅದನ್ನೇ ಬಡಿಸಿದೆ. ತಿಂದರು, ದಾರಿಯನ್ನೂ ಬರೆದುಕೊಂಡು ಹೋದರು.