ಒಟ್ಟು ಅಂಕವನ್ನು ನಾನು ಕೊನೆಗೆ ನೋಡುತ್ತೇನೆ

ಕಾರವಾರದಲ್ಲಿ ಮನಶ್ಶಾಸ್ತ್ರ ಕಲಿಸುತ್ತೇನೆ. ಸೈಕೋಪತಿ, ಅಂದರೆ ನಿಷ್ಕರುಣೆ, ಸ್ವಾರ್ಥ, ದುಡುಕು ಇಂಥ ಗುಣಗಳನ್ನು ಅಳೆಯುವ ಪ್ರಶ್ನಾವಳಿ ನಮ್ಮ ಕಡೆಯವರಿಗೆ ಎಷ್ಟು ಹೊಂದುತ್ತದೆ ಎಂದು ನೋಡುವ ಆಸೆ ಇತ್ತು. ಆರಿಸಿಕೊಂಡಿದ್ದು 1995ರ ಲೆವೆನ್ಸನ್ ಮಾಪಕ. ಅದರಲ್ಲಿ 26 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ ಎಷ್ಟು ಒಪ್ಪುತ್ತೀರಿ ಎಂದು ನಾಲ್ಕು ಹಂತದಲ್ಲಿ ಗುರುತು ಹಾಕಬೇಕು. ಪಿಪಿಐ-ಆರ್ ಎಂಬ ಇನ್ನೊಂದರಲ್ಲಿ 154 ಇವೆ. ಅಷ್ಟು ಕೊಟ್ಟರೆ ನಮ್ಮ ಹುಡುಗರು ಅರ್ಧಕ್ಕೇ ಎದ್ದು ಚಹಾಕ್ಕೆ ಹೋಗುತ್ತಾರೆ!

ಸುಳ್ಳು ಹೇಳುವುದೇ ಸ್ವಭಾವವಾದವರು ಹಾಳೆಯಲ್ಲಿ ನಿಜ ಬರೀತಾರಾ? ಎಲ್ಲರೂ ಕೇಳುವುದು ಇದನ್ನೇ. ಹೆಸರು ಬರೆಯದ, ಲಾಭನಷ್ಟ ಇಲ್ಲದ ಕಡೆ ಜಾಸ್ತಿ ಅಂಕ ಬರುವವರು ಒಳ್ಳೆಯವರಂತೆ ಕಾಣಲು ಅಷ್ಟೇನೂ ಹೆಣಗುವುದಿಲ್ಲ ಎಂದೇ ಸಂಶೋಧನೆಗಳು ತೋರಿಸಿವೆ. ಕೆಲಸದ ಆಯ್ಕೆ, ಕೋರ್ಟು ಅಂದರೆ ಕಥೆ ಬೇರೆ. ನನಗೆ ಜಾಸ್ತಿ ತಲೆನೋವು ಕೊಟ್ಟಿದ್ದು ನಿಜ ಹೇಳಿದವರೇ.

ಗುರುತು ಹಾಕಿದ ಮೇಲೆ ಕೆಲವರನ್ನು ಕೂರಿಸಿ, ಯಾಕೆ ಹಾಗೆ ಹಾಕಿದಿರಿ ಅಂತ ಕೇಳುತ್ತೇನೆ. ತುಂಬಾ ಮುಂದಿನದನ್ನು ಯೋಚಿಸಿ ಇಟ್ಟುಕೊಳ್ಳುವುದಿಲ್ಲ ಎಂಬರ್ಥದ ಹೇಳಿಕೆಗೆ ಬೈತಖೋಲ ಬಂದರಿನ ಹುಡುಗನೊಬ್ಬ ಪೂರ್ತಿ ಒಪ್ಪಿದ್ದ. "ಗಾಳಿ ಯಾರ ಮಾತು ಕೇಳುತ್ತೆ ಸರ್? ನಾಳೆದ್ದು ನಾಳೆನೇ" ಅಂದ. ಮಳೆಗಾಲದಲ್ಲಿ ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ನಿಷೇಧ. ಉಳಿದ ದಿನ ಹವಾಮಾನ ನೋಡಿಯೇ ಕಡಲಿಗೆ ಇಳಿಯುವುದು. ಮಾಪಕದ ಲೆಕ್ಕದಲ್ಲಿ ಅದು ದುಡುಕಿನ ಅಂಕ. ಅವನ ಬದುಕಿನಲ್ಲಿ ಅದು ಬುದ್ಧಿವಂತಿಕೆ, ಅಲ್ವಾ?

ಹಾಗಾಗಿ ಇಂಥ ಹೇಳಿಕೆಯನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕುತ್ತೇನೆ. ದುಡುಕು, ಸಿಟ್ಟು ಅಳೆಯುವ 10 ಹೇಳಿಕೆಗಳನ್ನು, ಸ್ವಾರ್ಥ, ನಿಷ್ಕರುಣೆ ಅಳೆಯುವ 16ರ ಜೊತೆ ಸುಮ್ನೆ ಕೂಡಿಸುವುದೂ ಇಲ್ಲ. ಮೂಲ ಅಧ್ಯಯನದಲ್ಲೇ ಆ 16ರ ಒಳಹೊಂದಾಣಿಕೆ (ಹೇಳಿಕೆಗಳು ಒಂದಕ್ಕೊಂದು ಎಷ್ಟು ತಾಳೆಯಾಗುತ್ತವೆ ಎಂಬುದು; 1ಕ್ಕೆ ಹತ್ತಿರವಿದ್ದಷ್ಟೂ ಹೆಚ್ಚು) 0.82 ಇದ್ದರೆ, ಈ 10ರದ್ದು 0.63 ಮಾತ್ರ. ಅಳುಕಿಲ್ಲದ ಧೈರ್ಯವನ್ನಂತೂ ಈ ಮಾಪಕ ಸರಿಯಾಗಿ ಹಿಡಿಯುವುದೇ ಇಲ್ಲ. ಅದು ಬೇಕಿದ್ದರೆ 58 ಹೇಳಿಕೆಗಳ ಟ್ರೈಪಿಎಂ ಎಂಬ ಮತ್ತೊಂದು ಪ್ರಶ್ನಾವಳಿ ನೋಡಬೇಕು. ಆದರೆ ಧೈರ್ಯ ಸೈಕೋಪತಿಯ ಭಾಗವೇ ಎಂಬ ಜಗಳ ಪಂಡಿತರಲ್ಲಿ ಇನ್ನೂ ನಡೆದೇ ಇದೆ.

ಪರಿಚಯದ ಒಬ್ಬರು ಕೇಳಿದರು: "ಅಂಥವರು ಯಾರ್‍ಯಾರು ಅಂತ ಪಟ್ಟಿ ಕೊಡ್ತೀರಾ?" ಹಾಗೆ ಒಬ್ಬೊಬ್ಬರನ್ನೇ ಅಳೆಯಲು ತಜ್ಞರು ಬಳಸುವುದು ಮನಶ್ಶಾಸ್ತ್ರಜ್ಞ ಹೇರ್ ಅವರ ಪಿಸಿಎಲ್-ಆರ್, 20 ಅಂಶಗಳದ್ದು. ಅದಕ್ಕೂ ತರಬೇತಿ ಪಡೆದವರ ಸಂದರ್ಶನ, ಹಳೆಯ ದಾಖಲೆ ಎರಡೂ ಬೇಕು. ನನ್ನ ಹಾಳೆಗಳಲ್ಲಿ ಹೆಸರೇ ಇರಲಿಲ್ಲ. ಪಟ್ಟಿ ಎಲ್ಲಿಂದ ತರಲಿ?